ಒಂದು ತೂತು, ಎರಡು ಪರದೆ

ಚಳ್ಳಕೆರೆ ಅಂದ್ರೆ ಎಣ್ಣೆ, ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಈ ಎರಡು ಊರುಗಳ ನಡುವೆ ಒಂದು ಕೇಬಲ್ಲಿಗಾಗಿ ಒಂದೇ ವಾರದಲ್ಲಿ ಮೂರು ಸಲ ಬಸ್ಸು ಹತ್ತಿದವನ ಕಥೆ ಇದು. ಕಥೆ ಅನ್ನೋದಕ್ಕಿಂತ ತಕರಾರು ಅನ್ನಿ.. :)

ತಿಂಗಳಲ್ಲಿ ಎರಡು ವಾರ ಊರಲ್ಲೇ ಕೂತು ಕೆಲಸ ಮಾಡೋದಕ್ಕೆ ಆಫೀಸಿನವರು ಒಪ್ಪಿದ್ದಾರೆ. ಮೊಳಕಾಲ್ಮೂರಿನ ನಮ್ಮ ಮನೇಲಿ ಮುಂದಿನ ಕೋಣೆ ಅಪ್ಪನ ಮಗ್ಗದ್ದು, ಒಳಗಿನ ಮೇಜು ನನ್ನದು. ಒಂದು ಪರದೆಯಲ್ಲಿ ಕೋಡು, ಇನ್ನೊಂದರಲ್ಲಿ ಲಾಗು, ಲ್ಯಾಪ್‌ಟಾಪಿನಲ್ಲಿ ಮೀಟಿಂಗು - ಇದು ನನ್ನ ರೂಢಿ. ಅದಕ್ಕೇ ಬೆಂಗಳೂರಿನಿಂದ ಎರಡು ಹಳೇ ಮಾನಿಟರ್ ಹೊತ್ತು ತಂದೆ. ಆದರೆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಎಚ್‌ಡಿಎಂಐ, ಒಂದು ಯುಎಸ್‌ಬಿ-ಸಿ, ಒಂದು ಮಾಮೂಲಿ ಯುಎಸ್‌ಬಿ.

ಮೊದಲ ಸಲ ಚಳ್ಳಕೆರೆಗೆ ಹೋಗಿ ಎಚ್‌ಡಿಎಂಐ ಸ್ಪ್ಲಿಟರ್ ತಂದೆ. ಎರಡೂ ಪರದೆ ಹತ್ತಿಕೊಂಡವು, ಎರಡರಲ್ಲೂ ಒಂದೇ ಚಿತ್ರ! ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಒಡಲಿಗೊಂದು ಲಾಳಿ, ಅಂಚಿಗೊಂದು ಲಾಳಿ ಬೇಕು. ಒಂದೇ ಲಾಳೀಲಿ ಎರಡು ಬಣ್ಣ ಹೆಂಗ್ ಬರ್ತೈತಪ್ಪ?" ಅಂದ್ರು. ಇಂಜಿನಿಯರಿಂಗ್ ಓದಿದವನಿಗೆ ಹೊಳೆಯದ್ದು ಅವರಿಗೆ ಹೊಳೀತು ನೋಡಿ. ಸ್ಪ್ಲಿಟರ್ ಮಾಡೋದು ಒಂದು ಸಿಗ್ನಲ್ಲಿನ ನಕಲು, ಅಷ್ಟೇ.

ಎರಡನೇ ಸಲ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ತಂದೆ. "ನೋ ಸಿಗ್ನಲ್". ಕೇಬಲ್ಲೇ ಕೆಟ್ಟಿರಬೇಕು ಅಂತ ಮೂರನೇ ಸಲ ಹೋಗಿ ಬದಲಾಯಿಸಿಕೊಂಡು ಬಂದೆ. ಮತ್ತೆ ಅದೇ. ಕೊನೆಗೆ ಲ್ಯಾಪ್‌ಟಾಪಿನ ವಿವರಪಟ್ಟಿ ಹುಡುಕಿ ಓದಿದಾಗ ಗೊತ್ತಾಗಿದ್ದು - ನನ್ನ ಯುಎಸ್‌ಬಿ-ಸಿ ಪೋರ್ಟು ಬರೀ ಡೇಟಾ ಮತ್ತು ಚಾರ್ಜಿಂಗಿಗೆ ಅಂತ! ಪೋರ್ಟಿನ ಪಕ್ಕದಲ್ಲಿ ಒಂದು ಗುರುತೂ ಇಲ್ಲ. ಅಷ್ಟರಲ್ಲಿ ಎರಡು ಮೀಟಿಂಗು ತಪ್ಪಿಸಿಕೊಂಡಿದ್ದೆ. "ಅಲ್ಲಿ ಸೆಟಪ್ ಸರಿ ಇಲ್ಲ ಅಂದ್ರೆ ಬೆಂಗಳೂರಿಗೇ ಬಂದ್ಬಿಡಿ" ಅಂತ ಮ್ಯಾನೇಜರ್ ಮೆಸೇಜು ಬಂತು.

ನನ್ನ ತಕರಾರು ಇರೋದು ಇಲ್ಲೇ. ಯುಎಸ್‌ಬಿ-ಸಿ ಬಂದದ್ದು 2014ರಲ್ಲಿ. ಅದರ ಮೂಲಕ ಡಿಸ್‌ಪ್ಲೇಪೋರ್ಟ್ ಚಿತ್ರ ಕಳಿಸುವ ವ್ಯವಸ್ಥೆಯೂ ಅದೇ ವರ್ಷ ಬಂತು. ಆದರೆ ಅದು ಕಡ್ಡಾಯ ಅಲ್ಲ, ಕಂಪನಿಯವರ ಇಷ್ಟ. ತೂತಿನ ಆಕಾರ ಒಂದೇ, ಯೋಗ್ಯತೆ ಬೇರೆ ಬೇರೆ. ದುಡ್ಡು ಜಾಸ್ತಿ ಕೊಟ್ಟರೆ ಸರಿಹೋಗುತ್ತೆ ಅಂತಲೂ ಇಲ್ಲ. 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಎರಡು ಪೋರ್ಟಿದ್ದರೂ ಅಧಿಕೃತವಾಗಿ ಒಂದೇ ಹೊರಗಿನ ಮಾನಿಟರ್. 2024ರ ಎಂ3ಯಲ್ಲಿ ಎರಡು ಬಂತು, ಆದರೆ ಮುಚ್ಚಳ ಹಾಕಿರಬೇಕು. ಮುಚ್ಚಳ ತೆಗೆದು ಎರಡು ಹಾಕೋದಕ್ಕೆ 2025ರ ಎಂ4 ಬರಬೇಕಾಯ್ತು.

ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡಿಗೆ ಲ್ಯಾಪ್‌ಟಾಪ್ ಒಯ್ದು ನಾಲ್ಕು ಅಂಗಡಿಯಲ್ಲಿ ಹಾಕಿ ನೋಡಬಹುದು. ನಮ್ಮೂರಲ್ಲಿ ಪ್ರತಿ ತಪ್ಪಿಗೂ ಅರ್ಧ ದಿನ. ತೆಳ್ಳಗೆ ಮಾಡ್ತೀವಿ ಅಂತ ಪೋರ್ಟು ಕಿತ್ತವರು ಆ ಅರ್ಧ ದಿನದ ಲೆಕ್ಕ ಇಟ್ಟಿಲ್ಲ. ಪೋರ್ಟು ಕಡಿಮೆ ಮಾಡಿದ್ದನ್ನಾದರೂ ಕ್ಷಮಿಸಬಹುದು. ಯಾವುದು ಏನು ಮಾಡುತ್ತೆ ಅಂತ ಪಕ್ಕದಲ್ಲೇ ಬರೆಯದಿರೋದನ್ನು ಮಾತ್ರ ಕ್ಷಮಿಸೋಕಾಗಲ್ಲ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ:

- ಮೊದಲು ಪೋರ್ಟು ಚಿತ್ರ ಕಳಿಸುತ್ತಾ ಅಂತ ವಿವರಪಟ್ಟಿ ನೋಡಿ. ಪಕ್ಕದಲ್ಲಿ ಮಿಂಚಿನ ಗುರುತಿರುವ ಥಂಡರ್‌ಬೋಲ್ಟ್ ಆದರೆ ಕಳಿಸುತ್ತೆ.
- ಕಳಿಸುತ್ತೆ ಅಂದ್ರೆ, ವಿಂಡೋಸ್‌ನಲ್ಲಿ ಎಂಎಸ್‌ಟಿ ಹಬ್ ಹಾಕಿ ಒಂದೇ ಪೋರ್ಟಿನಿಂದ ಎರಡು ಬೇರೆ ಬೇರೆ ಪರದೆ ಪಡೆಯಬಹುದು. ಮ್ಯಾಕ್‌ನಲ್ಲಿ ಅದೇ ಹಬ್ ಎರಡರಲ್ಲೂ ಒಂದೇ ಚಿತ್ರ ತೋರಿಸುತ್ತೆ.
- 1080 ಪಿಕ್ಸೆಲ್ಲಿನ ಮಾನಿಟರ್‌ಗೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಸಾಕು. 4ಕೆ ಅಂದ್ರೆ 12ರ ಹತ್ತಿರ. ಅಗ್ಗದ ಹಬ್ಬುಗಳಲ್ಲಿ 4ಕೆ ಮಾನಿಟರ್ 30 ಹರ್ಟ್ಜ್‌ಗೆ ಇಳಿದು ಮೌಸ್ ತೆವಳೋದು ಇದಕ್ಕೇ.
- ಚಿತ್ರ ಕಳಿಸಲ್ಲ ಅಂದ್ರೆ ಉಳಿದದ್ದು ಡಿಸ್‌ಪ್ಲೇಲಿಂಕ್ ಅಡಾಪ್ಟರ್. ಡ್ರೈವರ್ ಹಾಕಿದರೆ ಮಾಮೂಲಿ ಯುಎಸ್‌ಬಿಯಲ್ಲೇ ನಡೆಯುತ್ತೆ. ಪ್ರೊಸೆಸರ್‌ಗೆ ಸ್ವಲ್ಪ ಭಾರ, ಗೇಮಿಗೆ ಆಗಲ್ಲ, ಕೋಡಿಗೆ ಧಾರಾಳ.

ನಾನು ಕೊನೆಗೆ ಆ ಅಡಾಪ್ಟರನ್ನೇ ತರಿಸಿದೆ. ಡ್ರೈವರ್ ಹಾಕೋದಕ್ಕೆ ಆಫೀಸಿನ ಐಟಿಯವರ ಅನುಮತಿಗೆ ಮತ್ತೆರಡು ದಿನ ಕಾದೆ. ಈಗ ಒಂದು ಮಾನಿಟರ್ ಎಚ್‌ಡಿಎಂಐಯಲ್ಲಿ, ಇನ್ನೊಂದು ಅಡಾಪ್ಟರಿನಲ್ಲಿ. ಮುಂದಿನ ಕೋಣೆಯಲ್ಲಿ ಮಗ್ಗದ ಸದ್ದು, ಒಳಗೆ ನನ್ನ ಕೀಬೋರ್ಡಿನ ಸದ್ದು.

ಊರಿಗೆ ವಾಪಸ್ ಬನ್ನಿ, ಇಲ್ಲಿಂದಲೇ ಕೆಲಸ ಮಾಡಿ ಅಂತ ಹೇಳೋದು ಸುಲಭ ಕಣ್ರೀ. ಕೆಲವೊಮ್ಮೆ ಅದು ನಿಂತಿರೋದು ಒಂದು ತೂತಿನ ಮೇಲೆ. ನಿಮ್ಮ ಊರಲ್ಲಿ ಹೇಗೆ? ಹೇಳಿ, ಕೇಳೋಣ..