ಗುದ್ದಲಿಪೂಜೆಗೆ ಕರೀತಾರೆ, ಲೆಕ್ಕಕ್ಕೆ ಕರೆಯೋದಿಲ್ಲ

ನಮ್ಮ ಬಳಗದ ಗೆಳೆಯನೊಬ್ಬನ ಊರಿನ ಸರ್ಕಾರಿ ಶಾಲೆಗೆ ಎರಡು ಹೊಸ ಕೊಠಡಿ ಮಂಜೂರಾಗಿವೆ. ನಾವು ಹೋದಾಗ ತಳಪಾಯ ಮುಗಿದು ಗೋಡೆ ಏಳುತ್ತಿತ್ತು. ಎಸ್‌ಡಿಎಂಸಿ ಅಧ್ಯಕ್ಷರು ಕೂಲಿ ಮಾಡುವವರು. ಎಸ್ಟಿಮೇಟ್ ನೋಡಿದ್ದೀರಾ ಅಂತ ಕೇಳಿದೆವು. "ಕೇಳೇನ್ರಿ. ಅದೆಲ್ಲ ನಿಮಗ್ಯಾಕ, ಪೂಜಾಕ್ಕ ಬಂದು ಕಾಯಿ ಒಡದು ಹೋಗ್ರಿ ಅಂದ್ರು" ಎಂದರು. ಕಾಯಿ ಒಡೆದು ಬಂದಿದ್ದಾರೆ. ಫೋಟೋದಲ್ಲಿ ಕೊನೆಯ ಸಾಲಿನಲ್ಲಿದ್ದಾರೆ.

ಕಾನೂನು ಅವರನ್ನು ಕಾಯಿ ಒಡೆಯಲು ನೇಮಿಸಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯರು ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಅದರ ಕೆಲಸ ಎಂದು ಅಲ್ಲೇ ಬರೆದಿದೆ. ಆದರೆ ಕೊಠಡಿಯ ದುಡ್ಡು ಬರುವುದು ಇಲಾಖೆಯಿಂದ ಕಾಮಗಾರಿ ಸಂಸ್ಥೆಗೆ, ಅಲ್ಲಿಂದ ಗುತ್ತಿಗೆದಾರನಿಗೆ. ಸಮಿತಿಯ ಕೈಗೆ ಬರುವುದು ಕೊನೆಗೆ ಬೀಗದ ಕೈ ಮಾತ್ರ. ಅನುದಾನ ನಮ್ಮ ಖಾತೆಗೇ ಬರಲಿಲ್ಲವಲ್ಲ, ಲೆಕ್ಕ ಕೇಳೋದು ಹೇಗೆ ಅಂತ ಅವರೇ ಸುಮ್ಮನಾಗುತ್ತಾರೆ.

ಹಿಂದೆ ಹೀಗಿರಲಿಲ್ಲ. ಸರ್ವ ಶಿಕ್ಷಣ ಅಭಿಯಾನದ ನಿಯಮ ಹಳ್ಳಿ ಶಾಲೆಯ ಕಟ್ಟಡವನ್ನು ಸಮುದಾಯವೇ ನಿಂತು ಕಟ್ಟಬೇಕು ಎನ್ನುತ್ತಿತ್ತು. ಆಗಲೂ ಕಳ್ಳತನ ನಡೆದಿರಬಹುದು, ಆದರೆ ಎಷ್ಟು ಚೀಲ ಸಿಮೆಂಟ್ ಇಳಿಯಿತು ಅನ್ನೋದು ಊರಿಗೆ ಗೊತ್ತಾಗುತ್ತಿತ್ತು.

2022ರ ನವೆಂಬರ್ 14ರಂದು ಆಳಂದ ತಾಲ್ಲೂಕಿನ ಮಾಡಿಯಾಳದಲ್ಲಿ ಅಂದಿನ ಮುಖ್ಯಮಂತ್ರಿ 'ವಿವೇಕ' ಯೋಜನೆಗೆ ಚಾಲನೆ ಕೊಟ್ಟರು. 7,601 ಕೊಠಡಿ, 992 ಕೋಟಿ ರೂಪಾಯಿ. ಭಾಗಿಸಿ ನೋಡಿ, ಒಂದು ಕೊಠಡಿಗೆ ಸುಮಾರು 13 ಲಕ್ಷ. ಆ ವಾರ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಚರ್ಚೆಯಾಗಿದ್ದು ಗೋಡೆಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಅಂತ. ನಾವೂ ಬಣ್ಣದ ಬಗ್ಗೆಯೇ ಜಗಳಾಡಿದೆವು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಬಣ್ಣದ ಒಳಗಿನ ಗೋಡೆಗೆ 13 ಲಕ್ಷ ನಿಜಕ್ಕೂ ಹೋಯಿತೇ ಎಂದು ನಾವು ಕೇಳಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಕಟ್ಟಲು ಬಾಂಡ್ ಮೂಲಕ ಸಾಲ ಎತ್ತುತ್ತಾರೆ, ಅದನ್ನು ಊರಿನ ಆಸ್ತಿ ತೆರಿಗೆಯಿಂದ ತೀರಿಸುತ್ತಾರೆ. ಅದಕ್ಕೆ ಮೊದಲು ಮೂರನೇ ಎರಡರಷ್ಟು ಮತ ಬೇಕಿತ್ತು. 2000ದಲ್ಲಿ ಪ್ರೊಪೊಸಿಷನ್ 39 ಅದನ್ನು ಶೇ. 55ಕ್ಕೆ ಇಳಿಸಿತು. ಬದಲಿಗೆ ಒಂದು ಷರತ್ತು ಬಂತು: ಕನಿಷ್ಠ ಏಳು ಜನರ ನಾಗರಿಕ ಸಮಿತಿ ಇರಬೇಕು, ಶಾಲಾ ಜಿಲ್ಲೆಯ ನೌಕರನಾಗಲಿ ಗುತ್ತಿಗೆದಾರನಾಗಲಿ ಅದರಲ್ಲಿ ಇರುವಂತಿಲ್ಲ, ಪ್ರತಿ ವರ್ಷ ಸ್ವತಂತ್ರ ಆಡಿಟ್ ಆಗಬೇಕು. ಅಲ್ಲಿ ಎಲ್ಲ ಸರಿಯಿದೆ ಅಂತ ನಾವು ಹೇಳುತ್ತಿಲ್ಲ. ಸಮಿತಿಯನ್ನು ನೇಮಿಸುವುದು ಅದರ ಕಣ್ಣಿಗೆ ಬೀಳಬೇಕಾದ ಶಾಲಾ ಮಂಡಳಿಯೇ. ಚೆಕ್ ತಡೆಯುವ ಅಧಿಕಾರ ಅದಕ್ಕಿಲ್ಲ. ಸ್ಯಾನ್ ಡಿಯಾಗೊ ಬಳಿಯ ಪೋವೇ ಶಾಲಾ ಜಿಲ್ಲೆ 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಸಾಲ ಎತ್ತಿ, ಸುಮಾರು 100 ಕೋಟಿ ತೀರಿಸುವ ಹೊರೆ ಹೊತ್ತುಕೊಂಡಿತು. ಇಟ್ಟಿಗೆ ಎಣಿಸುವ ಸಮಿತಿ ಇದ್ದರೂ ಬಡ್ಡಿ ಎಣಿಸುವವರಿರಲಿಲ್ಲ. ಆದರೂ ಅಲ್ಲಿ ದುಡ್ಡಿನ ಜೊತೆಗೇ ಕಾವಲನ್ನೂ ಕಾನೂನಿನಲ್ಲಿ ಕಟ್ಟಿದರು. ನಮ್ಮಲ್ಲಿ ಕಾವಲು ಕಾಗದದಲ್ಲಿದೆ, ದುಡ್ಡು ಬೇರೆ ದಾರಿಯಲ್ಲಿ ಹೋಗುತ್ತದೆ.

ಇದನ್ನು ಹೇಳಿದರೆ ಅಧಿಕಾರಿಗಳ ಉತ್ತರ ಸಿದ್ಧವಾಗಿದೆ: ಹಳ್ಳಿಯವರಿಗೆ ಎಸ್ಟಿಮೇಟ್ ಅರ್ಥವಾಗೋದಿಲ್ಲ. ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರಿನ ಊರುಗಳಿಂದ ಬಸ್ಸು ಹತ್ತಿ ಬೆಂಗಳೂರಿನ ಅಪಾರ್ಟ್‌ಮೆಂಟು ಕಟ್ಟುತ್ತಿರುವವರು ಯಾರು? ಕಂಬಿ ಕಟ್ಟುವವರು, ಸೆಂಟ್ರಿಂಗ್ ಹೊಡೆಯುವವರು, ಗಾರೆ ಮಾಡುವವರು ಇದೇ ಎಸ್‌ಡಿಎಂಸಿಯ ಅಪ್ಪ ಅಮ್ಮಂದಿರು. ಕಾಂಕ್ರೀಟ್ ಹಾಕಿದ ಮೇಲೆ ಎಷ್ಟು ದಿನ ನೀರುಣಿಸಬೇಕು ಅಂತ ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆ ಅಧ್ಯಕ್ಷರು ಗೋಡೆಯನ್ನು ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನು ನಮ್ಮ ಅಂಗೈಗೆ ಹಾಕಿ, "ಮರಳು ಜಾಸ್ತಿ ಐತ್ರಿ" ಅಂದರು. ಸರಿಯೋ ತಪ್ಪೋ ಪ್ರಯೋಗಾಲಯ ಹೇಳಲಿ. ಕೇಳುವ ಅರ್ಹತೆ ಅವರಿಗಿಲ್ಲ ಅನ್ನೋದನ್ನು ನಾವು ಒಪ್ಪುವುದಿಲ್ಲ.

ಎಸ್‌ಡಿಎಂಸಿಯಲ್ಲೂ ಜಾತಿ ಇದೆ, ಪಕ್ಷ ಇದೆ, ಗುತ್ತಿಗೆದಾರನ ಭಾವಮೈದನೂ ಇರಬಹುದು. ಅದಕ್ಕೇ ಕಾಮಗಾರಿಯಲ್ಲಿ ಪಾಲಿರುವವರನ್ನು ಲೆಕ್ಕ ನೋಡುವ ಕೆಲಸದಿಂದ ಹೊರಗಿಡಬೇಕು. ಉದ್ಯೋಗ ಖಾತ್ರಿಗೆ ಸಾಮಾಜಿಕ ಲೆಕ್ಕ ಪರಿಶೋಧನೆ ಇದೆ, ಗ್ರಾಮಸಭೆಯಲ್ಲಿ ಓದುತ್ತಾರೆ. ಕೃಷಿ ಹೊಂಡಕ್ಕೆ ಲೆಕ್ಕ ಕೊಡುವ ಸರ್ಕಾರ ಮಕ್ಕಳ ತಲೆಯ ಮೇಲಿನ ಸ್ಲ್ಯಾಬಿಗೆ ಯಾಕೆ ಕೊಡಬಾರದು? ಕೆಲಸ ಶುರುವಾಗುವ ಮೊದಲೇ ಎಸ್ಟಿಮೇಟ್ ಪ್ರತಿ ಕನ್ನಡದಲ್ಲಿ ಸಮಿತಿಗೆ ಸಿಗಬೇಕು. ಗ್ರಾಮಸಭೆಯಲ್ಲಿ ಲೆಕ್ಕ ಓದದೆ ಅಂತಿಮ ಬಿಲ್ ಪಾವತಿಯಾಗಬಾರದು.

ಅಲ್ಲಿಯವರೆಗೆ ಇರುವ ಆಯುಧ 2005ರ ಮಾಹಿತಿ ಹಕ್ಕು. ಕಾಗದದ ಪ್ರತಿ ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ಅದರ 2(ಜೆ) ಸೆಕ್ಷನ್ನಿನಲ್ಲಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ. ಅಧ್ಯಕ್ಷರ ಜೊತೆ ಕೂತು ಬರೆದೆವು. ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ ಪ್ರತಿ, ಗೋಡೆಯ ಗಾರೆಯ ಮಾದರಿ ಕೇಳಿದ್ದೇವೆ. ಸಹಿ ಹಾಕಿ, ಪೋಸ್ಟಲ್ ಆರ್ಡರ್ ಲಗತ್ತಿಸಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ಸ್ವೀಕೃತಿ ತಂದಿದ್ದಾರೆ. ಉತ್ತರಕ್ಕೆ 30 ದಿನ. ಪ್ಲಾಸ್ಟರು ಅದಕ್ಕೂ ಮೊದಲೇ ಮುಗಿಯುತ್ತದೆ ಅನ್ನೋದು ಅವರ ಅಂದಾಜು.