ಹನ್ನೆರಡರೊಳಗೆ ಖಾಲಿ ಮಾಡಲೇಬೇಕೆ?

ತೋರಣಗಲ್ಲಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ವಡ್ಡುವಿಗೆ ಬರುವ ನನ್ನ ಮಗ ಉಂಡ ಮೇಲೆ ಮಲಗುವುದಿಲ್ಲ, ಫೋನು ಹಿಡಿದು ಕೂಡುತ್ತಾನೆ. ಕೇಳಿದರೆ, "ಇನ್ನೂ ಒಂದು ಜಿಬಿ ಉಳಿದೈತಪ್ಪ, ಹನ್ನೆರಡು ಹೊಡೆದ್ರ ಹೋಗಿಬಿಡತೈತಿ" ಎನ್ನುತ್ತಾನೆ. ನೋಡಬೇಕೆಂದು ನೋಡುವುದಲ್ಲ, ಕೊಟ್ಟ ದುಡ್ಡು ಹಾಳಾಗಬಾರದೆಂದು ನೋಡುವುದು. ಹಾಳಾದ ನಿದ್ದೆಗೆ ಲೆಕ್ಕವಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮುಂಚೆ ನಾವು ತಿಂಗಳಿಗೆ ಒಂದು ಜಿಬಿ ಹಾಕಿಸಿ, ಅಳೆದು ಬಳಸುತ್ತಿದ್ದೆವು. ಆಮೇಲೆ ದಿನದ ಲೆಕ್ಕ ಬಂತು. ದಿನಕ್ಕೆ ಒಂದೂವರೆ ಜಿಬಿ ಎಂದರೆ 28 ದಿನಕ್ಕೆ 42 ಜಿಬಿ. ಆದರೆ ಇವತ್ತು ಉಳಿದದ್ದು ನಾಳೆಗೆ ಬರುವುದಿಲ್ಲ. ತಿಂಗಳೆಂಬುದೂ 28 ದಿನಕ್ಕಿಳಿದದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಕಟ್ಟಬೇಕು. 30 ದಿನದ ಪ್ಯಾಕ್ ಒಂದನ್ನಾದರೂ ಇಡಿರೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. 2024ರ ಜುಲೈನಲ್ಲಿ ದರ ಏರಿತು. ನಾವು ಮಾತ್ರ ಎಷ್ಟು ಬೇಕೆಂದು ಕೇಳಿಕೊಳ್ಳದೆ ಅಂಗಡಿಯವರು ಹೇಳಿದ್ದನ್ನು ಹಾಕಿಸುತ್ತಲೇ ಇದ್ದೆವು.

ಅಳೆಯುವುದು ಕಷ್ಟವಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಎಂಬಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬುದು ಕಾಣುತ್ತದೆ. ಒಂದು ಪ್ಯಾಕ್ ಮುಗಿಯುವ ದಿನ ನೋಡಿದೆ. ನನ್ನದು 7 ಜಿಬಿ, ಮಗನದು 36. ಅವನದರಲ್ಲಿ ಬಹುಪಾಲು ಸಣ್ಣ ವಿಡಿಯೋಗಳದ್ದು. ನನ್ನ ಏಳರಲ್ಲಿ ಹೆಚ್ಚಿನದು ವಾಟ್ಸಾಪ್ ಕಂಡು ಬೆರಗಾಯಿತು. ನಾನು ಕಳಿಸುವುದು ನಾಲ್ಕು ಸಾಲು. ತುಂಬಿಕೊಂಡದ್ದೆಲ್ಲ ನಮ್ಮದೇ ಬಸವ ಬಳಗಗಳಿಂದ ಬಂದ ಶುಭೋದಯದ ವಿಡಿಯೋಗಳು. ಬೆಳಿಗ್ಗೆ ಎದ್ದರೆ ಅದೇ ಚಿತ್ರ, ಅದೇ ಸಂಗೀತ, ಐದು ಗುಂಪುಗಳಲ್ಲಿ ಐದು ಸಲ.

ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ ಮೂರು ಬೈಟ್ ಸಾಕು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ತಂದ ಸಮಗ್ರ ವಚನ ಸಂಪುಟಗಳು 15, ಅವುಗಳಲ್ಲಿರುವುದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು. ವಚನವೊಂದಕ್ಕೆ ಎರಡು ಕೆಬಿಯಂತೆ ಧಾರಾಳವಾಗಿ ಹಿಡಿದರೂ ಅಷ್ಟೂ ವಚನಗಳು 40–50 ಎಂಬಿಯೊಳಗೆ ಬರುತ್ತವೆ. ಒಂದು ದಿನದ ಪ್ಯಾಕಿನ ಮೂವತ್ತನೇ ಒಂದು ಪಾಲು! ಒಂದು ಗಂಟೆಯ ಪ್ರವಚನವನ್ನು ಬರೀ ಧ್ವನಿಯಾಗಿ ಕಳಿಸಿದರೆ 60 ಎಂಬಿ ಸಾಕು. ವಿಡಿಯೋ ಮಾಡಿದರೆ ಅದರ ಹಲವು ಪಟ್ಟು. ವಚನವನ್ನು ಅಕ್ಷರದಲ್ಲೇ ಕಳಿಸಲು ನಮಗೇನು ಅಡ್ಡಿ? ಕೂಲಿಯವನ ಡೇಟಾ ತಿಂದು ಮಾಡುವ ಪ್ರಚಾರ ಎಂಥ ದಾಸೋಹ? ಗುಂಪು ನಡೆಸುವ ಶರಣರು ಸಿಟ್ಟಾಗಬಾರದು, ನಾನೂ ಅಂಥದ್ದೊಂದು ಗುಂಪು ನಡೆಸುತ್ತೇನೆ.

ಇನ್ನು ನನ್ನ ತಪ್ಪಿನ ವಿಷಯ. ಇಂಟರ್ನೆಟ್ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನೇ ಬೇರೆ ಕೊಡಬೇಕೆಂದು ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಮರುತಿಂಗಳೇ ಅಂಥ ಪ್ಯಾಕುಗಳು ಬಂದವು. ಒಳ್ಳೆಯದೇ ಆಯಿತು. ಮನೆಯವರ ಫೋನಿಗೆ ಅದನ್ನೇ ಹಾಕಿಸಿ, ದುಡ್ಡು ಉಳಿಸಿದೆನೆಂದು ಬೀಗಿದೆ. ಎರಡು ದಿನ ಸುಮ್ಮನಿದ್ದವಳು ಮೂರನೇ ದಿನ ಕೇಳಿದಳು: "ನನಗ ಇಷ್ಟು ಸಾಕು ಅಂತ ಅಳದೋರು ಯಾರ್ರಿ?"

ಅಕ್ಕನ ಬಳಗದವರು ವಚನದ ರಾಗ ಹೇಳಿ ಕಳಿಸುವುದು ಅದೇ ಫೋನಿಗೆ. ಹೊಸಪೇಟೆಯಲ್ಲಿರುವ ಮೊಮ್ಮಗಳ ಮುಖ ಕಾಣುವುದೂ ಅದರಲ್ಲೇ. ಸಂಘದ ಕಂತು ಕಟ್ಟಲು ಅವಳೇ ಕಲಿತಿದ್ದಳು. ಅದೊಂದೂ ನನಗೆ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಮಾರಯ್ಯ ದಿನದ ಅಳತೆ ಮೀರಿ ಅಕ್ಕಿ ಆಯ್ದು ತಂದಾಗ ಆಕೆ ಹಿಂದಕ್ಕೆ ಸುರಿದು ಬನ್ನಿರೆಂದ ಪ್ರಸಂಗ. ಮಿತವ್ಯಯ ಕಲಿಸಲೆಂದು ಹೆಣ್ಣುಮಕ್ಕಳಿಗೇ ಹೇಳುತ್ತಿದ್ದೆ. ಆ ಮನೆಯಲ್ಲಿ ಎಷ್ಟು ಬೇಕೆಂದು ಅಳೆದವಳು ಹೆಂಡತಿ, ಬುದ್ಧಿ ಹೇಳಿಸಿಕೊಂಡವನು ಗಂಡ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಗಂಡಸರ ಫೋನಿಗೆ ದಿನಕ್ಕೆ ಎರಡು ಜಿಬಿ, ಅವ್ವನ ಕೈಗೆ ಬರೀ ಕರೆ ಬರುವ ಫೋನು ಇದೆ, ನೋಡಿಕೊಳ್ಳಿ. ಹೆಂಗಸರಿಗೆ ಕಡಿಮೆ ಕೊಟ್ಟು ಅದನ್ನೇ ಸರಳತೆ ಎನ್ನುವುದು ಶರಣ ಮಾರ್ಗವಲ್ಲ.

ಆ ಸಂಜೆ ಮೂವರೂ ಕೂತು ಲೆಕ್ಕ ಹಾಕಿದೆವು. ಅವಳಿಗೆ ತಿಂಗಳಿಗೆ ನಾಲ್ಕು ಜಿಬಿ ಬೇಕು. ವಾಟ್ಸಾಪಿನಲ್ಲಿ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿದ ಮೇಲೆ ನನಗೆ ಮೂರು ಸಾಕು. ದಿನದ ಲೆಕ್ಕ ಬಿಟ್ಟು ಒಟ್ಟಾಗಿ ಡೇಟಾ ಕೊಡುವ ಪ್ಯಾಕ್ ನಮ್ಮಿಬ್ಬರಿಗೂ ಹೊಂದುತ್ತದೆ. ಮಗ ತನ್ನದನ್ನು ಇನ್ನೂ ಹೇಳಿಲ್ಲ. ಸೋಮವಾರದಿಂದ ಮೊದಲ ಪಾಳಿ, ಆಗ ನೋಡೋಣ ಎನ್ನುತ್ತಾನೆ. ಮುಂದಿನ ರೀಚಾರ್ಜಿಗೆ ಅವಳೇ ಲೆಕ್ಕದ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾಳಂತೆ. ನಾನು ಬರಬೇಕಿಲ್ಲವಂತೆ.