ಉಪ್ಪಿನ ಋಣ ಬೇರೆ, ಹಂಗಿನ ಊಟ ಬೇರೆ

ಪ್ರಾಥಮಿಕ ಶಾಲೆಯ ಕನ್ನಡ ಪಾಠದ ಕೊನೆಗೆ ಬರುವ ನುಡಿಗಟ್ಟುಗಳ ಗತಿ ಎಲ್ಲರಿಗೂ ಗೊತ್ತಿರುವಂಥದ್ದೇ: ಅರ್ಥ ಬರೆಯಿರಿ, ಸ್ವಂತ ವಾಕ್ಯದಲ್ಲಿ ಬಳಸಿರಿ. ‘ಉಂಡ ಮನೆಯ ಜಂತೆ ಎಣಿಸು’ ಎಂದರೆ ದ್ರೋಹ ಬಗೆಯುವುದು ಎಂದು ಮಗು ಬರೆಯುತ್ತದೆ, ಗುರುಗಳು ಸರಿ ಗುರುತು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಉಪಕಾರ ನೆನೆಯುವ ಮಾತನ್ನು ಕಲಿಸುವ ಹೊಣೆಯನ್ನಂತೂ ಶಾಲಾ ಸಮಾರಂಭದ ವಂದನಾರ್ಪಣೆಗೆ ಬಿಟ್ಟಾಗಿದೆ. ಅದು ಜನ ಕುರ್ಚಿ ಬಿಟ್ಟು ಏಳುವ ಹೊತ್ತು ಎಂಬುದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಈ ಎರಡನ್ನೂ ಒಟ್ಟಿಗೆ, ಶಾಲೆಯಲ್ಲಿ ದಿನಾ ನಡೆಯುವ ಕೊಡುಕೊಳ್ಳುವಿಕೆಯ ನಡುವೆ, ಊರಿನ ಮಾತಿನಲ್ಲೇ ಕಲಿಸಬೇಕು ಎಂಬುದು ನನ್ನ ವಾದ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳಿಗೆ ಅದಕ್ಕೆ ಬೇಕಾದ ಸಾಮಗ್ರಿ ಕೈಗೆಟುಕುವಷ್ಟು ಹತ್ತಿರದಲ್ಲಿದೆ.

ಜಂತೆಯನ್ನೇ ನೋಡಿ. ಈ ಸೀಮೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಊಟಕ್ಕೆ ಕುಳಿತವರು ತಲೆ ಎತ್ತಿದರೆ ಕಣ್ಣಿಗೆ ಬೀಳುವುದೇ ಜಂತಿ. ಅವು ಎಷ್ಟು, ಎಂಥ ಕಟ್ಟಿಗೆಯವು ಎಂದು ಲೆಕ್ಕ ಹಾಕುತ್ತ ಕುಳಿತವನ ಗಮನ ತಾಟಿನ ಮೇಲಿಲ್ಲ, ಬಡಿಸಿದವರ ಮೇಲೂ ಇಲ್ಲ; ಮನೆಯವರ ಆಸ್ತಿಯ ಮೇಲಿದೆ. ಇಷ್ಟು ಬಿಡಿಸಿ ಹೇಳಿದರೆ ನಾಲ್ಕನೆಯ ತರಗತಿಯ ಮಗುವಿಗೂ ಆ ಮಾತಿನ ಮೊನೆ ತಾಗುತ್ತದೆ. ಆರ್‌ಸಿಸಿ ಸೂರಿನಡಿ ಬೆಳೆದ ಬೆಟಗೇರಿಯ ಮಗುವಿಗೆ ಒಂದು ಹಳೆಯ ಮನೆ ತೋರಿಸಬೇಕಾದೀತು, ಅಷ್ಟೇ. ನುಡಿಗಟ್ಟನ್ನು ಬಿಡಿಯಾಗಿ ಕೊಟ್ಟರೆ ಮಕ್ಕಳು ಅಕ್ಷರಶಃ ಅರ್ಥಕ್ಕೆ ಜೋತುಬೀಳುತ್ತಾರೆ, ಕಥೆಯೊಳಗೆ ಇಟ್ಟುಕೊಟ್ಟರೆ ಒಳಾರ್ಥ ಹಿಡಿಯುತ್ತಾರೆ ಎಂಬುದನ್ನು ಇಟಲಿಯ ಲೆವೊರಾಟೊ ಮತ್ತು ಕಚ್ಚಾರಿ ಎಂಬ ಸಂಶೋಧಕಿಯರು 1990ರ ದಶಕದಲ್ಲಿ ಶಾಲಾ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಕಂಡರು.

ಊರಿನ ಮಾತಿನಲ್ಲೇ ಕಲಿಸಿದರೆ ಮಕ್ಕಳ ಕನ್ನಡ ಕೆಡುತ್ತದೆ ಎನ್ನುವವರಿದ್ದಾರೆ. ‘ನಿಮ್ಮ ಉಪಕಾರ ಮರೆಯಂಗಿಲ್ರಿ’ ಎಂದ ಮಗುವನ್ನು ತಿದ್ದಿ ‘ಧನ್ಯವಾದಗಳು’ ಹೇಳಿಸುವುದನ್ನು ಅವರು ಶಿಕ್ಷಣ ಎಂದುಕೊಂಡಿದ್ದಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ಪುಲಿಗೆರೆಯನ್ನು ಹೆಸರಿಸುತ್ತದೆ; ಅದೇ ಇಂದಿನ ಲಕ್ಷ್ಮೇಶ್ವರ. ಗದಗ ತಾಲ್ಲೂಕಿನ ಮುಳಗುಂದದ ನಯಸೇನ 1112ರ ‘ಧರ್ಮಾಮೃತ’ದಲ್ಲಿ ಜನರ ಗಾದೆ, ಹೋಲಿಕೆಗಳನ್ನು ರಾಶಿ ಹಾಕಿದ, ಕನ್ನಡದಲ್ಲಿ ಬೇಡವಾದ ಸಂಸ್ಕೃತ ಬೆರೆಸುವವರನ್ನು ಗೇಲಿಯೂ ಮಾಡಿದ. ಆಡುಮಾತಿಗೆ ಇದಕ್ಕಿಂತ ದೊಡ್ಡ ಶಿಫಾರಸು ಪತ್ರ ಬೇಕೆ? ಮಗು ಆಡಿದ್ದನ್ನು ಮೊದಲು ಒಪ್ಪಿಕೊಂಡು, ಬರೆಯುವಾಗ ‘ಮರೆಯುವುದಿಲ್ಲ’ ಎಂದು ಬರೆಯೋಣ ಎಂದರೆ ಪರೀಕ್ಷೆಗೂ ನಷ್ಟವಿಲ್ಲ.

ನಮ್ಮ ಮಕ್ಕಳು ಥ್ಯಾಂಕ್ಸ್ ಕೂಡ ಹೇಳುವುದಿಲ್ಲ, ಸಂಸ್ಕಾರವಿಲ್ಲ ಎಂಬ ದೂರೂ ಅವಸರದ್ದೇ. ಐದು ಖಂಡಗಳ ಎಂಟು ಭಾಷೆಗಳ ಮನೆಮಾತುಕತೆಯನ್ನು ಧ್ವನಿಮುದ್ರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳಿದ ಸಹಾಯ ಸಿಕ್ಕಾಗ ಬಾಯಿಬಿಟ್ಟು ಕೃತಜ್ಞತೆ ಹೇಳಿದ್ದು ಸುಮಾರು ಇಪ್ಪತ್ತಕ್ಕೆ ಒಂದು ಸಲ. ಆ ಎಂಟರಲ್ಲಿ ಇಂಗ್ಲಿಷೂ ಇತ್ತು. ನೆರವಿಗೆ ನೆರವೇ ಉತ್ತರವಾಗಿರುವ ಕಡೆ ಮಾತಿನ ಅಗತ್ಯ ಕಡಿಮೆ. ಅಗತ್ಯ ಬಿದ್ದಾಗ ನಮ್ಮ ಕಡೆಯ ಹಿರಿಯರು ‘ನಿನ್ನ ಹೊಟ್ಟಿ ತಣ್ಣಗಿರಲಿ’, ‘ಪುಣ್ಯಾ ಕಟಗೊಂಡಿ ನೋಡಪಾ’ ಎನ್ನುತ್ತಾರೆ. ಇವು ಹಿರಿಯರು ಕಿರಿಯರಿಗೆ ಆಡುವ ಮಾತುಗಳು. ಕಿರಿಯರು ಹಿರಿಯರಿಗೆ ಏನನ್ನಬೇಕು, ಓರಗೆಯವರಿಗೆ ಏನು ಎಂಬುದನ್ನು ಆಡಿ ತೋರಿಸದೆ ಮಗು ಕಲಿಯಲಾರದು. ಶಾಲೆಗೆ ಕೆಲಸವಿರುವುದು ಇಲ್ಲಿ.

ನನ್ನ ವಾದಕ್ಕೆ ನಿಜವಾಗಿ ಭಾರವಾದ ಆಕ್ಷೇಪ ಬೇರೆಯೇ ಇದೆ. ಶಾಲೆಯ ಬಿಸಿಯೂಟ ಯಾರ ದಾನವೂ ಅಲ್ಲ. ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿದ್ದು, 2013ರ ಆಹಾರ ಭದ್ರತಾ ಕಾಯ್ದೆ ಹಕ್ಕೆಂದು ಬರೆದದ್ದು. ಹಕ್ಕಿನ ಅನ್ನ ಉಣ್ಣುವ ಬಡವರ ಮಗುವಿಗೆ ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂದು ಕಲಿಸುವುದು ತಲೆ ತಗ್ಗಿಸುವುದನ್ನು ಕಲಿಸಿದಂತಲ್ಲವೆ? ಉಪ್ಪಿನ ಋಣದ ಮಾತು ಹೇಳಿಯೇ ಜೀತದಾಳುಗಳನ್ನು ತಲೆಮಾರುಗಟ್ಟಲೆ ಹಿಡಿದಿಟ್ಟ ನಾಡಿದು; ಜೀತ ರದ್ದಾದದ್ದು 1976ರ ಕಾಯ್ದೆಯಿಂದ. ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ, ಅದಕ್ಕೇ ಈ ಪಾಠ ಬೇಕೆನ್ನುತ್ತೇನೆ. ಹಂಗಿನ ಅರಮನೆಗಿಂತ ಸ್ವಂತದ ಗುಡಿಸಲು ಲೇಸು ಎನ್ನುವ ಮಾತೂ ಇದೇ ಜನರದ್ದು. ಎರಡನ್ನೂ ಒಂದೇ ದಿನ, ಒಂದೇ ಹಲಗೆಯ ಮೇಲೆ ಬರೆದು ಮಕ್ಕಳನ್ನು ವಾದಕ್ಕೆ ಬಿಡಬೇಕು. ಅನ್ನ ಹಕ್ಕು, ಅದಕ್ಕಾಗಿ ಸರ್ಕಾರಕ್ಕೋ, ವೇದಿಕೆಯ ಮೇಲಿನ ಗಣ್ಯರಿಗೋ ಕೈ ಮುಗಿಯಬೇಕಿಲ್ಲ. ಆದರೆ ಬೆಳಗ್ಗೆ ಬಂದು ಬೇಳೆ ಬೇಯಿಸಿದ, ಇನ್ನಷ್ಟು ಹಾಕಲೇ ಎಂದು ಕೇಳಿದ ಅಡುಗೆಯವರು ಒಬ್ಬ ಮನುಷ್ಯರು. ‘ಇವತ್ತ ಸಾರು ಭಾಳ ಚಲೋ ಆಗಿತ್ರೀ ಅಕ್ಕಾರ’ ಎಂಬ ಮಾತು ಅವರಿಗೆ ಸಲ್ಲಬೇಕು. ಆ ಮಾತು ಅವರ ಅಲ್ಪ ಗೌರವಧನಕ್ಕೆ ಪರಿಹಾರವೂ ಅಲ್ಲ. ಅದನ್ನು ಹೆಚ್ಚಿಸುವ ಹೊಣೆ ದೊಡ್ಡವರದು.

ಸಮಯ ಎಲ್ಲಿದೆ ಎಂಬ ಶಿಕ್ಷಕರ ಪ್ರಶ್ನೆ ನ್ಯಾಯವಾದದ್ದು. ದಾಖಲೆ ತುಂಬುವುದರಲ್ಲೇ ಅವರ ಅರ್ಧ ದಿನ ಹೋಗುತ್ತದೆ. ಹೊಸ ಅವಧಿ ಬೇಕಿಲ್ಲ, ಊಟದ ಹೊತ್ತು ಇದ್ದೇ ಇದೆ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳು, ಉರ್ದು ಮನೆಮಾತಿನ ಮಕ್ಕಳು ತಮ್ಮ ಮನೆಯಲ್ಲಿ ಇದಕ್ಕೇನು ಅನ್ನುತ್ತಾರೆಂದು ಹೇಳಲಿ, ಉಳಿದವರು ಕಲಿಯಲಿ. ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ‘ಅರ್ಥ ಬರೆಯಿರಿ’ ಎನ್ನುವ ಬದಲು ಹೀಗೆ ಕೇಳಬಹುದು: ‘ಜ್ವರ ಬಂದು ಶಾಲೆ ತಪ್ಪಿಸಿದ ನಿನಗೆ ಗೆಳತಿ ತನ್ನ ನೋಟ್‌ಬುಕ್ ಕೊಟ್ಟಳು. ಅವಳಿಗೆ ಏನು ಹೇಳುವೆ? ಅದನ್ನೇ ನೆಪ ಮಾಡಿಕೊಂಡು ಅವಳು ದಿನಾ ತನ್ನ ಚೀಲ ಹೊರು ಎಂದರೆ ಏನು ಹೇಳುವೆ?’ ಎರಡಕ್ಕೂ ಸಮನಾಗಿ ಅಂಕ ಇಡಲಿ.